ಬಿಳಿ ಕಾಣುವ ತನಕ

ಕಾಲಿಗೆ ತಳೆ ಹಾಕಿ ತೆಂಗು ಹತ್ತುವವ ನಾನು.
ಈ ಮರಕ್ಕೆ ತಳೆ ಬೇಡ,
ಮಹಡಿ ಮಹಡಿಯಾಗಿ ನಿಂತಿದೆ,
ಮಹಡಿಗೆ ಐದಾರು ಕೈ ಚಾಚಿ,
ಹತ್ತು ಮಾರಾಯ ಎಂದು ಅದೇ ಕರೆದ ಹಾಗೆ.

ಕುಲಶೇಖರದ ಏರಿನಲ್ಲಿ ಸಿಸ್ಟರುಗಳ ಅಂಗಳ.
ಪುಸ್ತಕದ ಹೆಸರು ಬೇರೆ ಏನೋ ಉಂಟಂತೆ,
ನಮಗೆಲ್ಲ ಇದು ಕ್ರಿಸ್ಮಸ್ ಮರ.
ದಶಂಬರದಲ್ಲಿ ತುದಿಗೆ ನಕ್ಷತ್ರ ಕಟ್ಟಲು
ವರ್ಷ ವರ್ಷ ಬರುತ್ತಿದ್ದವ ನಾನೇ.

ಈ ಸಲ ಮೇ ತಿಂಗಳಲ್ಲೇ ಫೋನು:
ತುದಿ ಒಣಗಿದೆ, ದೂಮಪ್ಪ.

ಸಿಡಿಲು ಎಂದರು ಮೊದಲು. ಆಮೇಲೆ ಉಪ್ಪುಗಾಳಿ.
ಅಡಿಗೆಯ ಲಿಲ್ಲಿಬಾಯಿ ದೃಷ್ಟಿ ಎಂದಳಂತೆ,
ಅದೂ ಕಾನ್ವೆಂಟಿನಲ್ಲಿ, ಸಣ್ಣ ಸ್ವರದಲ್ಲಿ.
ಕಾಲೇಜಿನಿಂದ ಬಂದ ಕನ್ನಡಕದ ಹುಡುಗಿ
ತೊಗಟೆಯ ಚೂರು ಪ್ಲಾಸ್ಟಿಕ್ಕಿನಲ್ಲಿ ಒಯ್ದು
ಹದಿನೈದು ದಿನ ಬಿಟ್ಟು ಹೇಳಿದ್ದು: ಬೂಷ್ಟು.
ಉಪ್ಪಿನಕಾಯಿ ಭರಣಿಯಲ್ಲಿ ಹಿಡಿಯುವುದರ ದೂರದ ನೆಂಟ.
ಗಾಯ ಇದ್ದಲ್ಲಿ ಒಳಗೆ ಹೋಗುತ್ತದೆ,
ಮತ್ತೆ ತುದಿಯಿಂದ ಕೆಳಗೆ ಇಳಿಯುತ್ತದೆ
ಮನೆ ಕೊಂಡವನು ಅವಸರವಿಲ್ಲದೆ
ಒಂದೊಂದೇ ಕೋಣೆಯ ದೀಪ ಆರಿಸುತ್ತ ಬಂದ ಹಾಗೆ.

ಕಂದು ಹೋಗಿ ಬಿಳಿ ಕಾಣುವ ತನಕ ಕಡಿಯಬೇಕು.
ಕಡಿದಾಗೆಲ್ಲ ಕತ್ತಿಯನ್ನು ಸ್ಪಿರಿಟಿನಲ್ಲಿ ಒರೆಸಬೇಕು,
ಇಲ್ಲದಿದ್ದರೆ ರೋಗ ಇಳಿಸುವವರು ನೀವೇ.
ಹುಡುಗಿಯ ಮಾತಿಗೆ ನಗು ಬಂತು.
ಮೂವತ್ತು ವರ್ಷ ಕಳ್ಳು ಇಳಿಸಿದ ಕತ್ತಿ,
ಅದು ಕುಡಿಯುವುದು ಇವತ್ತೇ ಮೊದಲು.

ಮೇಲೆ ಹೋದರೆ ಬಂದರಿನ ಕ್ರೇನು,
ಹೊಗೆಯಿಲ್ಲದ ಹಂಚಿನ ಕಾರ್ಖಾನೆಯ ಚಿಮಣಿ,
ಅದರಾಚೆ ತಗಡಿನಂಥ ಒಂದು ತುಂಡು ಸಮುದ್ರ.
ತುದಿಯ ಎಲೆ ಹಳೆ ಹಗ್ಗದ ಹಾಗೆ, ಮುಟ್ಟಿದರೆ ಪುಡಿ.
ತೊಗಟೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು,
ಕೆಳಗಿಳಿದು ಗಟ್ಟಿಯಾದ ಮೇಣ.

ಮೇಣದೊಳಗೆ,
ಊದಿದ ಬೆರಳಿನಲ್ಲಿ ಹೂತ ಉಂಗುರದಂತೆ
ಒಂದು ಸರಿಗೆ.
ಎರಡು ಸುತ್ತು. ಕೊನೆಯನ್ನು ಎಡಕ್ಕೆ ತಿರುಪಿ
ಮಡಚಿ ಒತ್ತಿದ್ದು.
ನಾನು ಎಡಚ.
ಈ ಕಡೆ ಮರ ಹತ್ತುವ ಎಡಚರು ಬೇರೆ ಇಲ್ಲ.

ಏನು ಕಾಣ್ತದೆ, ದೂಮಪ್ಪ?
ಕೆಳಗೆ ಹಣೆಗೆ ಕೈ ಅಡ್ಡ ಹಿಡಿದು ಸಿಸ್ಟರ್ ಸೆವ್ರಿನ್.
ಸಮುದ್ರ ಕಾಣ್ತದೆ, ಅಂದೆ.

ಕಡಿದೆ. ಒಳಗೆ ಕಂದು. ಕತ್ತಿ ಒರೆಸಿದೆ.
ಒಂದು ಮಹಡಿ ಇಳಿದು ಮತ್ತೆ ಕಡಿದೆ, ಕಾಫಿ ಚೆಲ್ಲಿದಂಥ ಕಲೆ.
ಒರೆಸಿದೆ.
ಮೂರನೆಯದರಲ್ಲಿ ಅಂಗೈಯಗಲ, ನಾಲ್ಕರಲ್ಲೂ ಅಷ್ಟೇ,
ಐದರಲ್ಲಿ ಬರೇ ಒಂದು ಬದಿ.
ಬಾಟಲಿ ಮುಗಿಯುತ್ತ ಬಂತು.
ಆರರಲ್ಲಿ ಉಗುರಿನ ಗೀರಿನಷ್ಟು, ಬಿಡಬಹುದಿತ್ತು.
ಬಿಡಲಿಲ್ಲ.
ಏಳನೆಯದರಲ್ಲಿ ಬಿಳಿ,
ಬನ್ನಂಗಾಯಿಯ ತಿರುಳಿನ ಬಿಳಿ, ಒದ್ದೆ.
ಅದರ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ಕೂತೆ.

ಸಿಸ್ಟರ್ ಹಸಿರು ಕೊಂಬೆಯೊಂದನ್ನು ಆರಿಸಿ ತೆಗೆದಿಟ್ಟರು.
ಇಷ್ಟಿಷ್ಟೇ ಇದ್ದಾಗ ಕುಂಡದಲ್ಲಿ ತಂದವಳು ನಾನು,
ಇದನ್ನು ನೆಟ್ಟರೆ ಬರುವುದಿಲ್ಲವಾ?
ಬರುತ್ತದೆ, ಅಂದಳು ಹುಡುಗಿ,
ಆದರೆ ಬದಿಯ ಕೊಂಬೆ ನೆಟ್ಟರೆ ಬದಿಗೇ ಬೆಳೆಯುವುದು
ಸಾಯುವ ತನಕ ನೆಲದ ಮೇಲೆ, ಕೈ ಚಾಚಿಕೊಂಡು.
ಮೇಲಕ್ಕೆ ಹೋಗುವ ಬುದ್ಧಿ ತುದಿಗೆ ಮಾತ್ರ.
ಸಿಸ್ಟರ್ ಕೇಳಿಸಿಕೊಂಡರು.
ಕೇಳಿಸಿಕೊಂಡೇ ಕುಂಡಕ್ಕೆ ಮಣ್ಣು ತುಂಬಿದರು.

ಕಡಿದದ್ದಕ್ಕೆಲ್ಲ ಸಂಜೆ ಬೆಂಕಿ.
ಮೇಣ ಚಟಚಟ ಅಂದು ಇಡೀ ಏರಿಗೆ
ಪೂಜೆಯದೋ ಇಗರ್ಜಿಯದೋ ತಿಳಿಯದ ಪರಿಮಳ.
ಕೊಟ್ಟ ಕೂಲಿ ಎಣಿಸದೆ ಕಿಸೆಗೆ ಹಾಕಿದೆ.
ಸರಿಗೆ ಅದೇ ಕಿಸೆಯಲ್ಲಿತ್ತು.

ಇನ್ನು ನಕ್ಷತ್ರ ಎಲ್ಲಿ ಕಟ್ಟುವುದು, ದೂಮಪ್ಪ?
ಗೇಟಿಗೆ ಕಟ್ಟುವ, ಸಿಸ್ಟರ್.
ಬಟ್ಟೆಯ ಪಟ್ಟಿಯಲ್ಲಿ.
ಸಡಿಲವಾಗಿ.